ಡ್ರೈವ್ ಮನೆಯಲ್ಲಿ, ಅಡ್ಮಿನ್ ಹಾಸ್ಟೆಲ್‌ನಲ್ಲಿ

ಸೆಮಿಸ್ಟರ್ ರಜೆಗೆ ಊರಿಗೆ ಹೋದರೆ ನಮಗಾಗಿ ಕಾಯ್ತಾ ಇರೋ ಕೆಲಸಗಳಲ್ಲಿ ಒಂದು ಖಾಯಂ: "ಫೋನ್ ಫುಲ್ ಆಗಿದೆಯಂತೆ, ಸ್ವಲ್ಪ ನೋಡಿಕೊಡು." ನಾವು ವಾಟ್ಸ್ಆ್ಯಪ್‌ನ ಗುಡ್ ಮಾರ್ನಿಂಗ್ ಚಿತ್ರಗಳನ್ನು ಅಳಿಸ್ತೀವಿ, ನಾಲ್ಕು ಆ್ಯಪ್ ತೆಗೀತೀವಿ, ಎರಡು ಜಿಬಿ ಖಾಲಿ ಮಾಡಿ ಕೊಡ್ತೀವಿ. ಮುಂದಿನ ರಜೆಗೆ ಮತ್ತೆ ಅದೇ ಕಥೆ.

ಮೊದಲು ಇದು ಇಷ್ಟು ದೊಡ್ಡ ತಲೆನೋವಾಗಿರಲಿಲ್ಲ. ಗೂಗಲ್ ಫೋಟೋಸ್ ಗುಣಮಟ್ಟ ಸ್ವಲ್ಪ ಇಳಿಸಿ ಎಷ್ಟು ಬೇಕಾದರೂ ಫೋಟೋ ಉಚಿತವಾಗಿ ಇಟ್ಟುಕೊಳ್ತಿತ್ತು. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತಿತು. ಈಗ ಜಿಮೇಲ್, ಡ್ರೈವ್, ಫೋಟೋಸ್ ಎಲ್ಲಾ ಸೇರಿ 15 ಜಿಬಿ. ಒಂದು ಫೋಟೋಗೆ 4 ಎಂಬಿ ಅಂದರೂ ಹೆಚ್ಚೆಂದರೆ 3,750 ಫೋಟೋ. ಒಂದು ಮದುವೆ, ಒಂದು ಗೃಹಪ್ರವೇಶ, ಒಂದು ಧರ್ಮಸ್ಥಳ ಟ್ರಿಪ್ಪು, ಅಲ್ಲಿಗೆ ಮುಗೀತು.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಇಂಜಿನಿಯರಿಂಗ್ ಓದುತ್ತಿರುವ ಪ್ರತಿಯೊಬ್ಬರೂ ಒಮ್ಮೆಯಾದರೂ ಮನೆಯಲ್ಲಿ ನೆಟ್‌ವರ್ಕ್ ಸ್ಟೋರೇಜ್ ಡ್ರೈವ್ ಹಾಕಬೇಕು. ಅಂದರೆ ಮನೆಯ ಎಲ್ಲಾ ಫೋನು, ಲ್ಯಾಪ್‌ಟಾಪ್‌ಗಳಿಗೆ ವೈ-ಫೈ ಮೂಲಕ ಸಿಗುವ ಒಂದು ಸಾಮಾನ್ಯ ಹಾರ್ಡ್ ಡಿಸ್ಕ್. ಆದರೆ ಅದು ನಿಮ್ಮ ಫೋನಿನಲ್ಲಿ ಓಪನ್ ಆದ ಕ್ಷಣಕ್ಕೆ ಕೆಲಸ ಮುಗೀತು ಅಂದುಕೊಳ್ಳೋರು ದಯವಿಟ್ಟು ಶುರು ಮಾಡಲೇಬೇಡಿ. ನೀವು ಹಾಸ್ಟೆಲ್‌ಗೆ ವಾಪಸ್ ಬಂದ ಮೇಲೂ ಅದು ತಾನಾಗಿ ನಡೆಯುತ್ತಾ ಅನ್ನೋದೇ ಇಲ್ಲಿ ನಿಜವಾದ ಪರೀಕ್ಷೆ.

ನಾವು ಡೆಮೊಗೆ ಒಗ್ಗಿಕೊಂಡವರು. ಮಿನಿ ಪ್ರಾಜೆಕ್ಟ್ ವೈವಾ ದಿನ ಹತ್ತು ನಿಮಿಷ ಓಡಿದರೆ ಸಾಕು, ಆಮೇಲೆ ಬ್ರೆಡ್‌ಬೋರ್ಡಿನ ವೈರ್ ಕಿತ್ತು ಡಬ್ಬಿಗೆ ಹಾಕ್ತೀವಿ. ಮನೆಯ ಡ್ರೈವ್‌ಗೆ ವೈವಾ ಇಲ್ಲ. ಬಳಸುವವರು ಅಪ್ಪ, ಅಮ್ಮ, ತಂಗಿ. "ನನ್ನ ಮಷೀನ್‌ನಲ್ಲಿ ಓಡುತ್ತೆ" ಅನ್ನೋ ಸಮಜಾಯಿಷಿ ಅಲ್ಲಿ ನಡೆಯಲ್ಲ.

ಯಾವ ದಾರಿ?

ಮೂರು ದಾರಿ ಇವೆ. ಮೊದಲನೆಯದು, ಮನೆಯ ರೂಟರ್‌ನಲ್ಲೇ ಯುಎಸ್‌ಬಿ ಪೋರ್ಟ್ ಇದ್ದರೆ ಅದಕ್ಕೆ ಹಾರ್ಡ್ ಡಿಸ್ಕ್ ಚುಚ್ಚುವುದು. ಎರಡನೆಯದು, ರಾಸ್ಪ್‌ಬೆರಿ ಪೈ ಅಥವಾ ಮೂಲೆಯಲ್ಲಿ ಬಿದ್ದಿರೋ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ ಸಾಂಬಾ ಓಡಿಸುವುದು. ಮೂರನೆಯದು, ಸಿನಾಲಜಿ, ಕ್ಯುನ್ಯಾಪ್ ತರಹದ ರೆಡಿಮೇಡ್ ಪೆಟ್ಟಿಗೆ ಕೊಳ್ಳುವುದು.

ರೂಟರ್ ದಾರಿ ಸುಲಭ, ಆದರೆ ಒಂದು ಗುಂಡಿ ಇದೆ. ಹಳೆಯ ರೂಟರ್‌ಗಳಲ್ಲಿ ಕೆಲವು ಎಸ್‌ಎಂಬಿ ಪ್ರೋಟೋಕಾಲ್‌ನ ಮೊದಲ ಆವೃತ್ತಿಯನ್ನಷ್ಟೇ ಮಾತಾಡುತ್ತವೆ. ವಿಂಡೋಸ್ 10ರ 1709 ಆವೃತ್ತಿಯಿಂದೀಚೆಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿದ ಸಿಸ್ಟಂಗಳಲ್ಲಿ ಅದು ಬರುವುದಿಲ್ಲ, ಹಾಗಾಗಿ ಎರರ್ ತೋರಿಸುತ್ತೆ. ಹುಡುಕಿದರೆ "ಅದನ್ನು ಆನ್ ಮಾಡಿ, ಸರಿಹೋಗುತ್ತೆ" ಅನ್ನೋ ಸಲಹೆ ಸಿಗುತ್ತೆ. ಮಾಡಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ಲಾಕ್ ಮಾಡಿದ ವಾನಾಕ್ರೈ ನುಗ್ಗಿದ್ದು ಇದೇ ಹಳೇ ಬಾಗಿಲಿನಿಂದ.

ವಿದ್ಯಾರ್ಥಿಗಳಾದ ನಮಗೆ ಎರಡನೇ ದಾರಿಯೇ ಸರಿ. ಖರ್ಚು ಕಡಿಮೆ, ಕಲಿಯೋದು ಜಾಸ್ತಿ. ಸಾಂಬಾದ ಹುಟ್ಟೂ ವಿದ್ಯಾರ್ಥಿಯೊಬ್ಬರ ಕೈಯಿಂದಲೇ ಆಗಿದ್ದು. ಆಂಡ್ರ್ಯೂ ಟ್ರಿಜೆಲ್ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡ್ತಾ, ವೈರ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ನೋಡಿ ನೋಡಿ ಪ್ರೋಟೋಕಾಲ್ ಅರ್ಥ ಮಾಡಿಕೊಂಡು, 1991ರ ಕೊನೆ ಮತ್ತು 1992ರ ಆರಂಭದಲ್ಲಿ ಮೊದಲ ಆವೃತ್ತಿ ಬರೆದರು. ನಾವು ಲ್ಯಾಬ್‌ನಲ್ಲಿ ವೈರ್‌ಶಾರ್ಕ್ ತೆರೆದು ಸ್ಕ್ರೀನ್‌ಶಾಟ್ ಹೊಡೆದು ರೆಕಾರ್ಡ್‌ಗೆ ಅಂಟಿಸ್ತೀವಲ್ಲ, ಅದೇ ಬಗೆಯ ಕೆಲಸ. ಅವರು ಅಂಟಿಸಿ ಸುಮ್ಮನಾಗಲಿಲ್ಲ, ಅಷ್ಟೆ.

ವೈರ್‌ಲೆಸ್ ಡ್ರೈವ್‌ಗೂ ಒಂದು ವೈರ್ ಬೇಕು

ವೈರ್‌ಲೆಸ್ ಅಂದ ಮಾತ್ರಕ್ಕೆ ಡ್ರೈವನ್ನೂ ವೈ-ಫೈಗೆ ಜೋಡಿಸಬೇಕಿಲ್ಲ. ಫೋನು, ಲ್ಯಾಪ್‌ಟಾಪ್ ವೈ-ಫೈನಲ್ಲಿರಲಿ, ಡ್ರೈವ್ ಇರೋ ಪೆಟ್ಟಿಗೆಯನ್ನು ಮಾತ್ರ ಈಥರ್ನೆಟ್ ಕೇಬಲ್‌ನಿಂದ ರೂಟರ್‌ಗೆ ಕಟ್ಟಿ. ಇದಕ್ಕೆ ಎರಡು ಕಾರಣ.

ಒಂದು, ವೇಗ. ವೈ-ಫೈನಲ್ಲಿ ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಲ್ಯಾಪ್‌ಟಾಪೂ ಡ್ರೈವೂ ಒಂದೇ ಬ್ಯಾಂಡ್‌ನಲ್ಲಿದ್ದರೆ ಪ್ರತಿ ಪ್ಯಾಕೆಟ್ ಲ್ಯಾಪ್‌ಟಾಪ್‌ನಿಂದ ರೂಟರ್‌ಗೆ, ರೂಟರ್‌ನಿಂದ ಡ್ರೈವ್‌ಗೆ ಅಂತ ಎರಡು ಸಲ ಗಾಳಿಯಲ್ಲಿ ಹೋಗಬೇಕು. ವೇಗ ಅಲ್ಲಿಗೇ ಅರ್ಧ. ಸೆಕೆಂಡಿಗೆ 5 ಎಂಬಿ ಸಿಕ್ಕರೆ 50 ಜಿಬಿ ಫೋಟೋ ಕಾಪಿ ಆಗೋಕೆ ಹತ್ತಿರ ಹತ್ತಿರ 2 ಗಂಟೆ 45 ನಿಮಿಷ. ಲ್ಯಾಪ್‌ಟಾಪನ್ನೂ ಕೇಬಲ್‌ಗೆ ಹಾಕಿದರೆ, 100 ಎಂಬಿಪಿಎಸ್ ಪೋರ್ಟ್‌ನಲ್ಲಿ ಸೆಕೆಂಡಿಗೆ 11 ಎಂಬಿ ಬಂದರೂ ಸುಮಾರು ಒಂದೂಕಾಲು ಗಂಟೆ. ಗಿಗಾಬಿಟ್ ಪೋರ್ಟ್‌ನಲ್ಲಿ ಸೆಕೆಂಡಿಗೆ 100 ಎಂಬಿ ಸಿಕ್ಕರೆ ಎಂಟೂವರೆ ನಿಮಿಷದೊಳಗೆ ಮುಗಿಯುತ್ತೆ. ಹಾಗಾಗಿ ಮೊದಲ ಸಲದ ದೊಡ್ಡ ಕಾಪಿಯನ್ನು ಕೇಬಲ್‌ನಲ್ಲೇ ಮುಗಿಸಿ. ಆಮೇಲೆ ದಿನಕ್ಕೆ ಇಪ್ಪತ್ತು ಮೂವತ್ತು ಫೋಟೋ ಸೇರೋಕೆ ವೈ-ಫೈ ಧಾರಾಳ. ಪೈ ಕೊಳ್ಳುವವರು ಗಮನಿಸಿ: ಪೈ 3ರಲ್ಲಿ ಈಥರ್ನೆಟ್ ಮತ್ತು ಯುಎಸ್‌ಬಿ ಒಂದೇ ಯುಎಸ್‌ಬಿ 2.0 ದಾರಿ ಹಂಚಿಕೊಳ್ಳುತ್ತವೆ. 2019ರಲ್ಲಿ ಬಂದ ಪೈ 4ರಿಂದ ಗಿಗಾಬಿಟ್ ಈಥರ್ನೆಟ್‌ಗೆ ಬೇರೆ ದಾರಿ, ಜೊತೆಗೆ ಯುಎಸ್‌ಬಿ 3.0.

ಎರಡನೇ ಕಾರಣ ಇನ್ನೂ ಮುಖ್ಯ. ನೀವು ಹಾಸ್ಟೆಲ್‌ನಲ್ಲಿರುವಾಗ ಇಂಟರ್ನೆಟ್‌ನವನು ಬಂದು ರೂಟರ್ ಬದಲಿಸಿ ಹೋಗ್ತಾನೆ. ವೈ-ಫೈ ಹೆಸರು ಹೊಸದು, ಪಾಸ್‌ವರ್ಡ್ ಹೊಸದು. ಪೈ ವೈ-ಫೈನಲ್ಲಿದ್ದರೆ ಅಲ್ಲಿಗೆ ಅದು ಅನಾಥ. ಅದಕ್ಕೆ ಸ್ಕ್ರೀನಿಲ್ಲ, ಕೀಬೋರ್ಡಿಲ್ಲ, ಹೊಸ ಪಾಸ್‌ವರ್ಡ್ ಹೇಳಿಕೊಡೋರು ಮನೆಯಲ್ಲಿಲ್ಲ. ಕೇಬಲ್‌ನಲ್ಲಿದ್ದರೆ "ಆ ವೈರನ್ನು ಹೊಸ ಪೆಟ್ಟಿಗೆಗೆ ಚುಚ್ಚಮ್ಮ" ಅಂದರೆ ಸಾಕು. ಅದೇ ಕಾರಣಕ್ಕೆ ಫೋನುಗಳಲ್ಲಿ ಡ್ರೈವ್‌ನ ವಿಳಾಸವನ್ನು 192.168ರಿಂದ ಶುರುವಾಗುವ ಐಪಿ ನಂಬರಾಗಿ ಉಳಿಸದೆ, ಆದಷ್ಟೂ ಹೆಸರಿನಿಂದ ಉಳಿಸಿ. ರೂಟರ್ ಬದಲಾದರೆ ನಂಬರ್ ಬದಲಾಗಬಹುದು, ಹೆಸರು ಉಳಿಯುತ್ತೆ.

ಕರೆಂಟು

ನಮ್ಮ ಊರುಗಳಲ್ಲಿ ಕರೆಂಟ್ ಹೋಗಿ ಬರೋದು ಹೊಸ ಸುದ್ದಿಯಲ್ಲ. ಇಎಕ್ಸ್‌ಟಿ4 ಫೈಲ್‌ಸಿಸ್ಟಂನ ಜರ್ನಲಿಂಗ್ ನಮ್ಮನ್ನು ಕಾಪಾಡುತ್ತೆ ಅಂತ ಓಎಸ್ ಕ್ಲಾಸ್‌ನಲ್ಲಿ ಓದಿದ್ದೀವಿ. ಆದರೆ ಡಿಫಾಲ್ಟ್ ಸೆಟಿಂಗ್‌ನಲ್ಲಿ ಅದು ಕಾಪಾಡೋದು ಫೈಲ್‌ಸಿಸ್ಟಂನ ರಚನೆಯನ್ನು. ಆ ಹೊತ್ತಿಗೆ ಅರ್ಧ ಬರೆದಿದ್ದ ಫೋಟೋವನ್ನಲ್ಲ. ಹಳೇ ಲ್ಯಾಪ್‌ಟಾಪ್ ಬಳಸಿದರೆ ಅದರ ಬ್ಯಾಟರಿಯೇ ಯುಪಿಎಸ್. ಪೈ ಆದರೆ ಇನ್ವರ್ಟರ್ ಲೈನಿಗೆ ಹಾಕಿ. ಮುಖ್ಯವಾಗಿ, ಡಿಸ್ಕ್‌ಗೆ ಸಾಕಷ್ಟು ಪವರ್ ಸಿಗುತ್ತಾ ನೋಡಿ. ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪ್ಸ್, ಯುಎಸ್‌ಬಿ 3.0 ಕೊಡೋದು 900. ಸಾಲದೇ ಹೋದರೆ ಡಿಸ್ಕ್ ಟಿಕ್ ಟಿಕ್ ಅಂತ ಮಧ್ಯೆ ಮಧ್ಯೆ ಮಾಯವಾಗುತ್ತೆ.

ಇಲ್ಲೊಂದು ಸದ್ದಿಲ್ಲದ ಅಪಾಯ ಇದೆ, ಎಷ್ಟೋ ವಿಡಿಯೋಗಳು ಇದರ ಮಾತೇ ಎತ್ತಲ್ಲ. ಕರೆಂಟ್ ವಾಪಸ್ ಬಂದಾಗ ಪೈ ಶುರುವಾಯ್ತು, ಡಿಸ್ಕ್ ಮಾತ್ರ ಮೌಂಟ್ ಆಗಲಿಲ್ಲ ಅಂದುಕೊಳ್ಳಿ. ಮೌಂಟ್ ಆಗಬೇಕಿದ್ದ ಫೋಲ್ಡರ್ ಖಾಲಿಯಾಗಿ ಪೈನ ಮೆಮರಿ ಕಾರ್ಡ್‌ನಲ್ಲೇ ಇರುತ್ತೆ. ಸಾಂಬಾಗೆ ವ್ಯತ್ಯಾಸ ಗೊತ್ತಾಗಲ್ಲ. ಫೋಟೋಗಳು ಆ ಪುಟ್ಟ ಕಾರ್ಡಿಗೆ ಬೀಳ್ತಾ ಹೋಗುತ್ತವೆ, ಅಮ್ಮನ ಫೋನು "ಬ್ಯಾಕಪ್ ಆಯ್ತು" ಅನ್ನುತ್ತೆ, ಒಂದು ದಿನ ಕಾರ್ಡ್ ತುಂಬಿ ಎಲ್ಲಾ ನಿಲ್ಲುತ್ತೆ. ಪರಿಹಾರ ಸರಳ: ಡಿಸ್ಕ್ ಇಲ್ಲದಾಗ ಆ ಖಾಲಿ ಫೋಲ್ಡರ್‌ಗೆ ರೂಟ್ ಬಿಟ್ಟು ಯಾರೂ ಬರೆಯದ ಹಾಗೆ ಪರ್ಮಿಷನ್ ಬಿಗಿ ಮಾಡಿ. ಆಗ ಡಿಸ್ಕ್ ಬರದಿದ್ದರೆ ಫೋನ್ ತಕ್ಷಣ ಎರರ್ ಕೊಡುತ್ತೆ. ಸುಳ್ಳು "ಆಯ್ತು"ಗಿಂತ ನಿಜವಾದ ಎರರ್ ಸಾವಿರ ಪಾಲು ವಾಸಿ.

ಬಿಲ್ ಎಷ್ಟು ಬರುತ್ತೆ ಅಂತ ಅಪ್ಪ ಕೇಳೇ ಕೇಳ್ತಾರೆ. ಪೈ ಮತ್ತು ಡಿಸ್ಕ್ ಸೇರಿ 10 ವ್ಯಾಟ್ ಅಂತ ಹಿಡಿದರೆ ತಿಂಗಳಿಗೆ 7.2 ಯೂನಿಟ್. ಅದೇ 60 ವ್ಯಾಟ್ ಎಳೆಯೋ ಹಳೇ ಡೆಸ್ಕ್‌ಟಾಪ್ ಆದರೆ 43 ಯೂನಿಟ್. ಗೃಹಜ್ಯೋತಿಯಲ್ಲಿ ಉಚಿತ ಸಿಗೋದು ಮನೆಯ ಹಿಂದಿನ ಸರಾಸರಿಯ ಮೇಲೆ ಶೇಕಡಾ 10ರಷ್ಟು ಮಾತ್ರ ಹೆಚ್ಚು, ಅದೂ 200 ಯೂನಿಟ್ ಒಳಗೆ. ತಿಂಗಳಿಗೆ 100 ಯೂನಿಟ್ ಸುಡುವ ಮನೆಗೆ ಪೈ ಆ ಮಿತಿಯೊಳಗೆ ಕೂರುತ್ತೆ, ಡೆಸ್ಕ್‌ಟಾಪ್ ಕೂರಲ್ಲ.

ಒಂದೇ ಡಿಸ್ಕ್ ಇದ್ದರೆ ಅದು ಬ್ಯಾಕಪ್ ಅಲ್ಲ

"ಹಾಗಾದ್ರೆ ಇಷ್ಟೆಲ್ಲಾ ಕಷ್ಟ ಯಾಕೆ, ಕ್ಲೌಡ್‌ಗೆ ದುಡ್ಡು ಕಟ್ಟಿಬಿಡೋಣ" ಅನ್ನೋ ಸ್ನೇಹಿತರ ಮಾತಿನಲ್ಲಿ ಹುರುಳಿದೆ. ಮನೆಗೆ ನೀರು ನುಗ್ಗಿದರೆ, ಕಳ್ಳತನ ಆದರೆ, ಡಿಸ್ಕ್ ಸತ್ತರೆ ಕ್ಲೌಡ್‌ನಲ್ಲಿರೋದು ಉಳಿಯುತ್ತೆ. ಮನೆಯ ಡ್ರೈವ್ ಒಂದನ್ನೇ ನಂಬಿ ಫೋನಿನಿಂದ ಫೋಟೋ ಅಳಿಸಿದರೆ, ಮೊದಲಿಗಿಂತ ಹೆಚ್ಚು ಅಪಾಯವನ್ನು ನಾವೇ ತಂದಿಟ್ಟ ಹಾಗೆ. ಎರಡು ಡಿಸ್ಕ್ ಹಾಕಿ ರೇಡ್ ಮಾಡಿದರೂ ಅಷ್ಟೆ. ಕೈತಪ್ಪಿ ಅಳಿಸಿದ ಫೋಲ್ಡರ್ ಎರಡೂ ಡಿಸ್ಕ್‌ನಿಂದ ಒಂದೇ ಕ್ಷಣಕ್ಕೆ ಹೋಗುತ್ತೆ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ ಅನ್ನೋ 3-2-1 ನಿಯಮವನ್ನು ಫೋಟೋಗ್ರಾಫರ್ ಪೀಟರ್ ಕ್ರೋ ಜನಪ್ರಿಯ ಮಾಡಿದರು. ಇದರಲ್ಲಿ ಎಲ್ಲರಿಗೂ ಕಷ್ಟ ಆಗೋದು ಆ "ಬೇರೆ ಜಾಗ". ನಮಗೆ ಆ ಕಷ್ಟವೇ ಇಲ್ಲ. ಬೇರೆ ಜಾಗ ಅಂದರೆ ನಮ್ಮ ಹಾಸ್ಟೆಲ್ ರೂಮಿನ ಬೀರು! ಇನ್ನೊಂದು ಪೋರ್ಟಬಲ್ ಡಿಸ್ಕ್ ತಗೊಳ್ಳಿ. ದಸರಾ, ಯುಗಾದಿ, ಸೆಮಿಸ್ಟರ್ ರಜೆ ಅಂತ ಊರಿಗೆ ಹೋದಾಗಲೆಲ್ಲ ಮನೆಯ ಡ್ರೈವ್‌ನಿಂದ ಅದಕ್ಕೆ ಕಾಪಿ ಮಾಡಿ ವಾಪಸ್ ತನ್ನಿ. ಲೆಕ್ಕ ನೋಡಿ: ಹುಬ್ಬಳ್ಳಿಯಿಂದ ಬೆಂಗಳೂರಿಗೆ ಎಂಟು ಗಂಟೆಯ ಬಸ್ಸಿನಲ್ಲಿ 1 ಟಿಬಿ ತುಂಬಿದ ಡಿಸ್ಕ್ ಬ್ಯಾಗಿನಲ್ಲಿದ್ದರೆ, ನಿಮ್ಮ ಬ್ಯಾಂಡ್‌ವಿಡ್ತ್ ಸುಮಾರು 278 ಎಂಬಿಪಿಎಸ್. ಲೇಟೆನ್ಸಿ ಎಂಟು ಗಂಟೆ ಅನ್ನೋದು ಬೇರೆ ಮಾತು. ಅದರಲ್ಲಿ ಅಪ್ಪನ ಆಧಾರ್, ಜಮೀನಿನ ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್ ಎಲ್ಲಾ ಇರುತ್ತೆ. ಆದ್ದರಿಂದ ಪ್ರಯಾಣದ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ, ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಮನೆಯ ಬೀರುವಿನಲ್ಲಿಡಿ.

ಹಾಸ್ಟೆಲ್‌ನಿಂದಲೇ ಡ್ರೈವ್ ನೋಡೋಣ ಅಂತ ರೂಟರ್‌ನಲ್ಲಿ ಪೋರ್ಟ್ ತೆರೆಯೋ ಆಸೆ ಬರುತ್ತೆ. ಬೇಡ. 2021ರ ಜೂನ್‌ನಲ್ಲಿ ಇಂಟರ್ನೆಟ್‌ಗೆ ತೆರೆದುಕೊಂಡಿದ್ದ ವೆಸ್ಟರ್ನ್ ಡಿಜಿಟಲ್ ಮೈ ಬುಕ್ ಲೈವ್ ಡ್ರೈವ್‌ಗಳನ್ನು ದೂರದಿಂದಲೇ ಯಾರೋ ಅಳಿಸಿಹಾಕಿದರು. ಆ ಮಾಡೆಲ್‌ಗೆ 2015ರಿಂದ ಅಪ್‌ಡೇಟೇ ಬಂದಿರಲಿಲ್ಲ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನೋ ರ‍್ಯಾನ್ಸಂವೇರ್ ಕ್ಯುನ್ಯಾಪ್ ಪೆಟ್ಟಿಗೆಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿತು. ದೂರದಿಂದ ನೋಡಲೇಬೇಕು ಅಂದರೆ ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಮೂಲಕ ವಿಪಿಎನ್ ಹಾಕಿಕೊಳ್ಳಿ.

ಕೈಗೆ ಒಪ್ಪಿಸೋದು

ತಾಂತ್ರಿಕ ಕೆಲಸ ಒಂದು ವಾರಾಂತ್ಯದ್ದು. ನಿಜವಾದ ಕೆಲಸ ಆಮೇಲಿನದು. ಮನೆಯ ಪ್ರತಿಯೊಬ್ಬರಿಗೂ ಬೇರೆ ಯೂಸರ್, ಬೇರೆ ಫೋಲ್ಡರ್ ಮಾಡಿ. ತಂಗಿಯ ಫೋಟೋ ಎಲ್ಲರಿಗೂ ಕಾಣಬೇಕಿಲ್ಲ. ಅಡ್ಮಿನ್ ಆದ ನಿಮಗೆ ಎಲ್ಲವೂ ಕಾಣುತ್ತೆ, ಅದನ್ನು ಮೊದಲೇ ಅವಳಿಗೆ ಹೇಳಿ, ಹೇಳಿದ ಮೇಲೆ ನೋಡದಿರಿ. ಫೋಲ್ಡರ್‌ಗಳಿಗೆ ಕನ್ನಡದಲ್ಲೇ ಹೆಸರಿಡಿ: "ಅಜ್ಜಿ ಮನೆ", "ಅಕ್ಕನ ಮದುವೆ 2019". ಎಲ್ಲಾ ಸರಿಯಾಗಿ ಓಡುತ್ತೆ. ಒಂದೇ ಮಿತಿ, ಇಎಕ್ಸ್‌ಟಿ4ನಲ್ಲಿ ಹೆಸರು 255 ಬೈಟ್ ದಾಟಬಾರದು. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ 3 ಬೈಟ್, ಅಂದರೆ ನಮಗೆ ಸಿಗೋದು 85. ಕೊಂಬು, ದೀರ್ಘ, ಒತ್ತು ಎಲ್ಲಾ ಲೆಕ್ಕಕ್ಕೆ ಬರುತ್ತೆ. ಮದುವೆ ಕರೆಯೋಲೆಯನ್ನೇ ಹೆಸರಾಗಿ ಇಡದಿದ್ದರೆ ಸಾಕು.

ಆಮೇಲೆ ಒಂದು ಪುಟ, ಒಂದೇ ಪುಟ, ಕನ್ನಡದಲ್ಲಿ ಬರೆದು ರೂಟರ್ ಪಕ್ಕದ ಗೋಡೆಗೆ ಅಂಟಿಸಿ. ಯಾವ ದೀಪ ಉರೀತಿರಬೇಕು, ಉರಿಯದಿದ್ದರೆ ಏನು ಮಾಡಬೇಕು, ಆಫ್ ಮಾಡೋದು ಹೇಗೆ, ಯಾವ ವೈರನ್ನು ಮುಟ್ಟಬಾರದು. ಗಿಟ್‌ಹಬ್‌ನಲ್ಲಿ ಇಂಗ್ಲಿಷಿನ ರೀಡ್‌ಮೀ ಬರೆಯೋ ನಾವು, ನಮ್ಮ ಅಮ್ಮ ಓದೋ ಭಾಷೆಯಲ್ಲಿ ಒಂದು ಬರೆದಿದ್ದೀವಾ? ಬರೆಯೋಕೆ ಕೂತಾಗಲೇ ಗೊತ್ತಾಗೋದು ನಮಗೇ ಎಷ್ಟು ಅರ್ಥ ಆಗಿದೆ ಅಂತ.

ಹೊರಡುವ ಮುಂಚೆ ಮೂರು ಪರೀಕ್ಷೆ ಮಾಡಿ. ಒಂದು, ಎಲ್ಲರಿಗೂ ಹೇಳಿ ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿ. ನೀವು ಏನೂ ಮುಟ್ಟದೆ ಡ್ರೈವ್ ವಾಪಸ್ ಬರಬೇಕು. ಎರಡು, ಒಂದು ಫೋಟೋ ಫೋಲ್ಡರನ್ನು ಬ್ಯಾಕಪ್ ಡಿಸ್ಕ್‌ನಿಂದ ಹೊರತೆಗೆದು ತೆರೆದು ನೋಡಿ. ವಾಪಸ್ ತೆಗೆದು ನೋಡದ ಬ್ಯಾಕಪ್ಪನ್ನು ನಂಬೋಕಾಗಲ್ಲ. ಮೂರು, ನೀವು ಅಂಗಳಕ್ಕೆ ಹೋಗಿ ಕೂತ್ಕೊಳ್ಳಿ. ಅಮ್ಮ ಒಬ್ಬರೇ ಆ ಪುಟ ನೋಡಿಕೊಂಡು ಐದು ವರ್ಷದ ಹಿಂದಿನ ಒಂದು ಫೋಟೋ ತೆರೀಲಿ. ಅವರಿಗೆ ಆಗಲಿಲ್ಲ ಅಂದರೆ ತಪ್ಪು ಅವರದ್ದಲ್ಲ, ಪುಟದ್ದು. ತಿದ್ದಿ ಮತ್ತೆ ಬರೆಯಿರಿ.

ಈ ರಜೆಯಲ್ಲಿ ಯಾರಾದರೂ ಇದನ್ನು ಮಾಡಿದರೆ ಆ ಗೋಡೆಯ ಪುಟದ ಫೋಟೋ ನಮ್ಮ ಸಂಘದ ಗುಂಪಿಗೆ ಹಾಕಿ. ಪಾಸ್‌ವರ್ಡ್ ಮುಚ್ಚಿ ಹಾಕಿ, ಅದನ್ನೂ ಹೇಳಬೇಕಾ! ಹತ್ತು ಪುಟ ಸೇರಿದರೆ ಮುಂದಿನ ಬ್ಯಾಚಿನವರು ಮನೆಗೆ ಒಯ್ಯಬಹುದಾದ ಒಂದು ಒಳ್ಳೇ ಕನ್ನಡ ಕೈಪಿಡಿ ಆಗುತ್ತೆ.