ಬಡಮಕ್ಕಳ ಶಾಲೆಗೆ ಎಂತಹ ಸೇವೆ ಬೇಕು?

ರಾಜಾಜಿನಗರದ ಕೈಗಾರಿಕಾ ವಸಾಹತಿನ ಸುತ್ತಲಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಬರುವವರಲ್ಲಿ ಹೆಚ್ಚಿನವರು ದಿನಗೂಲಿಯವರ, ಮನೆಗೆಲಸದವರ, ದುಡಿಮೆ ಅರಸಿ ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳು. ಇಂತಹ ಶಾಲೆಗಳಲ್ಲಿ ಉಚಿತವಾಗಿ ಪಾಠ ಹೇಳಲು ನಿವೃತ್ತ ನೌಕರರೂ ಗೃಹಿಣಿಯರೂ ತರುಣ ಎಂಜಿನಿಯರರೂ ಮುಂದೆ ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಆ ಸೇವೆ ಶಾಲೆಯ ಯಾವ ಕೊರತೆಯನ್ನು ತುಂಬಬಲ್ಲದೆಂದು ವಿವೇಚಿಸದಿದ್ದರೆ ಜೂನ್ ತಿಂಗಳ ಉತ್ಸಾಹ ದಸರಾ ರಜೆಯವರೆಗೂ ಉಳಿಯುವುದಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕವನ್ನೇ ನೋಡೋಣ. ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು ಸಾಕು. ತರಗತಿ ಐದು, ಶಿಕ್ಷಕರು ಇಬ್ಬರು! ಒಬ್ಬರು ಜನಗಣತಿಗೋ ಚುನಾವಣೆಗೋ ಹೊರಟರೆ (ಅದಕ್ಕೆ ಕಾಯ್ದೆಯೇ ಅವಕಾಶ ನೀಡಿದೆ) ಐದು ತರಗತಿಗಳೂ ಒಬ್ಬರ ಪಾಲಿಗೆ. ಇದು ಕಾನೂನು ಮುರಿದ ಶಾಲೆಯ ಸ್ಥಿತಿಯಲ್ಲ, ಪಾಲಿಸಿದ ಶಾಲೆಯದು. ಅನುದಾನಿತ ಶಾಲೆಗಳಲ್ಲಿ ನಿವೃತ್ತರ ಸ್ಥಾನ ತುಂಬಲು ಸರ್ಕಾರದ ಅನುಮತಿಗಾಗಿ ವರ್ಷಗಟ್ಟಲೆ ಕಾಯಬೇಕು. ಇತ್ತ 2019ರಲ್ಲಿ ರಾಜ್ಯವು ನಿಯಮ ಬದಲಿಸಿತು. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗಳು ಬಡಮಕ್ಕಳಿಗೆ ಶೇ. 25ರ ಸೀಟು ಕೊಡಬೇಕಾಗಿಲ್ಲ. ಹೀಗಾಗಿ ಈ ಮಕ್ಕಳಿಗೆ ಉಳಿದಿರುವುದು ಇದೇ ಶಾಲೆ.

ರಾಜಾಜಿನಗರದವರಿಗೆ ಕೆ.ಎಲ್.ಇ. ಎಂದೊಡನೆ ಎಸ್. ನಿಜಲಿಂಗಪ್ಪ ಕಾಲೇಜು ನೆನಪಾಗುತ್ತದೆ. ಆ ಸಂಸ್ಥೆ ಹುಟ್ಟಿದ್ದು 1916ರಲ್ಲಿ, ಬೆಳಗಾವಿಯ ಒಂದು ಶಾಲೆಯಾಗಿ. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ ಮೊದಲಾದ ಏಳು ಮಂದಿಯನ್ನು ಜನ ಸಪ್ತರ್ಷಿಗಳೆಂದು ಕರೆದರು. ಅವರು ಕೊಟ್ಟದ್ದು ಬಿಡುವಿನ ವೇಳೆಯನ್ನಲ್ಲ, ಆಯುಷ್ಯವನ್ನು. ಅವರ ಬೆನ್ನಿಗೆ ಅರಟಾಳ ರುದ್ರಗೌಡರಂತಹ ದಾನಿಗಳಿದ್ದರು. ಕಾಯಕವೂ ದಾಸೋಹವೂ ಕೂಡಿದ್ದರಿಂದ ಶಾಲೆ ನಿಂತಿತು. ಇಂದು ನಾವು ಸ್ವಯಂಸೇವೆಯೆನ್ನುವುದು ಅದರ ಅರ್ಧಭಾಗಕ್ಕೂ ಸಾಟಿಯಾಗದು.

ಹಾಗೆಂದು ವಾರಕ್ಕೆ ಮೂರು ಗಂಟೆ ಕೊಡಬಲ್ಲವರ ಸೇವೆ ವ್ಯರ್ಥವಲ್ಲ. ನಾಲ್ಕನೆಯ ತರಗತಿಗೆ ಬಂದರೂ ಒತ್ತಕ್ಷರ ಓದಲಾರದ, ದಶಕ ಕಳೆಯುವ ಲೆಕ್ಕದಲ್ಲಿ ತೊಡಕುವ ಏಳೆಂಟು ಮಕ್ಕಳನ್ನು ಮುಖ್ಯೋಪಾಧ್ಯಾಯರೇ ಆರಿಸಿಕೊಡಲಿ. ಅದೇ ವಾರ, ಅದೇ ಗಂಟೆ, ಅದೇ ಮಕ್ಕಳು. ಶಿಕ್ಷಕರ ಕಣ್ಣೆದುರಿನಲ್ಲಿಯೇ ಪಾಠ. ಬರಲಾಗದ ದಿನ ಮೊದಲೇ ತಿಳಿಸಬೇಕು. ಕಾದು ಕುಳಿತ ಮಗುವಿಗೆ ಬಾರದ ಗುರುವಿಗಿಂತ ಇಲ್ಲದ ಗುರುವೇ ಮೇಲು. ಹುಟ್ಟುಹಬ್ಬಕ್ಕೆ ಸಿಹಿ ಹಂಚಿ, ಭಾವಚಿತ್ರ ತೆಗೆಸಿಕೊಂಡು ಹೋಗುವವರ ಬಗೆಗೆ ಹೇಳುವುದೇನೂ ಇಲ್ಲ.

ವಿಜ್ಞಾನವನ್ನೋ ಇಂಗ್ಲಿಷನ್ನೋ ವರ್ಷವಿಡೀ ಬೋಧಿಸುವ ಹೊಣೆಯನ್ನು ಮಾತ್ರ ಸ್ವಯಂಸೇವಕರ ಮೇಲೆ ಹೊರಿಸಬಾರದು. ಅದಕ್ಕೆ ತರಬೇತಿ ಪಡೆದ ಶಿಕ್ಷಕರೇ ಬೇಕು. ಸರ್ಕಾರ ನೇಮಿಸುವವರೆಗೆ ಆ ಒಬ್ಬರ ಸಂಬಳವನ್ನು ಬಡಾವಣೆಯ ಹತ್ತು ಕುಟುಂಬಗಳು ಸೇರಿ ಹೊರಬಹುದು. ಹಾಗೆ ಹೊತ್ತವರಿಗೆ ಹುದ್ದೆ ತುಂಬಿರೆಂದು ಇಲಾಖೆಯನ್ನು ಕೇಳುವ ನೈತಿಕ ಬಲವೂ ಬರುತ್ತದೆ. ಸೇವೆಗೆಂದು ಶಾಲೆಯ ಮೆಟ್ಟಿಲೇರುವವರು ಮುಖ್ಯೋಪಾಧ್ಯಾಯರನ್ನು ಮೊದಲು ಕೇಳಬೇಕಾದುದು ಇಷ್ಟೇ: ಯಾವ ಹುದ್ದೆ ಖಾಲಿ ಇದೆ, ಎಂದಿನಿಂದ?