ಬೆನ್ನ ಮೇಲೆ ಇಸ್ತ್ರಿ ಗುರುತು

ಮಕ್ಕಳೇ, ಇಸ್ತ್ರಿ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿತ್ತು. ಚೊಂಬಿಗೆ ಕೆಂಡ ತುಂಬಿ ಲಂಗ ತೀಡಿದವಳು ನಾನು. ಆಮೇಲೆ ಇದ್ದಿಲಿನ ಪೆಟ್ಟಿಗೆ, ಆಮೇಲೆ ಕರೆಂಟಿನದು. ಹಾಗಾಗಿ ಮೊಮ್ಮಗಳು ಪುಟ್ಟಿ, "ಅಜ್ಜಿ, ನಮ್ಮ ಖೋ ಖೋ ತಂಡದ ಅಂಗಿಗಳಿಗೆ ನಂಬರ್ ಅಂಟಿಸ್ಬೇಕು, ನಿಂಗೆ ಬರುತ್ತಾ?" ಎಂದಾಗ, "ಅದೇನು ಮಹಾ, ತಗೊಂಡು ಬಾ" ಅಂದುಬಿಟ್ಟೆ.

ಇದಕ್ಕೆಂದೇ ವಿನೈಲ್ ಹಾಳೆ ಸಿಗುತ್ತದೆ. ಒಂದು ಮಗ್ಗುಲಲ್ಲಿ ಹೊಳೆಯುವ ತೆಳು ಪ್ಲಾಸ್ಟಿಕ್, ಇನ್ನೊಂದು ಮಗ್ಗುಲಲ್ಲಿ ಬಣ್ಣದ ಪದರ. ಆ ಪದರದ ಮೇಲೆ ಒಣ ಅಂಟಿರುತ್ತದೆ, ಬಿಸಿ ತಾಗಿದಾಗ ಮಾತ್ರ ಕರಗಿ ಬಟ್ಟೆಯನ್ನು ಹಿಡಿಯುತ್ತದೆ. ಬಣ್ಣದ ಪದರವನ್ನಷ್ಟೇ ಕೊಯ್ದು, ಬೇಡದ್ದನ್ನು ಕಿತ್ತು, ಮಗುಚಿ ಬಟ್ಟೆಯ ಮೇಲಿಟ್ಟು ಒತ್ತಬೇಕು. ಮಗುಚುವುದರಿಂದ ಅಂಕಿಯನ್ನು ಕನ್ನಡಿಯಲ್ಲಿ ಕಾಣುವಂತೆ ಕೊಯ್ಯಬೇಕು. ಇದು ನಮಗೆ ಗೊತ್ತಾದದ್ದು, ಹಳೆಯ ದಿಂಬಿನ ಕವರಿನ ಮೇಲೆ 7 ಹಿಂದುಮುಂದಾಗಿ ಕೂತಾಗ. (8 ಬೇಕಾದವರಿಗೆ ಈ ತಾಪತ್ರಯವಿಲ್ಲ.) ಎರಡನೆಯ ಸಲ ಸರಿಯಾಗಿ ಬಂತು. ಪುಟ್ಟಿ ಚಪ್ಪಾಳೆ ತಟ್ಟಿದಳು, ನನ್ನ ಜಂಬ ಇನ್ನೊಂದು ಮೊಳ ಬೆಳೆಯಿತು.

ಅದೇ ಬಿಸಿಯಲ್ಲೇ ರಾಶಿಯ ಮೇಲಿದ್ದ ಅಂಗಿಗೆ ಇಸ್ತ್ರಿ ಪೆಟ್ಟಿಗೆ ಒತ್ತಿದೆ. ಅದು ಪುಟ್ಟಿಯದಲ್ಲ, ಅವಳ ಗೆಳತಿಯದು. ಒಂದು ಥರ ವಾಸನೆ ಬಂತು. ಎತ್ತಿ ನೋಡಿದರೆ ನೀಲಿ ಅಂಗಿಯ ಬೆನ್ನ ಮೇಲೆ ಇಸ್ತ್ರಿಯ ಮೂತಿ, ಆವಿ ಬರುವ ತೂತುಗಳ ಸಮೇತ, ಅಚ್ಚುಹಾಕಿದ ಹಾಗೆ ಹೊಳೆಯುತ್ತಿತ್ತು.

ದಿಂಬಿನ ಕವರು ಹತ್ತಿಯದು, ಅಂಗಿ ಪಾಲಿಯೆಸ್ಟರಿನದು. ಹತ್ತಿ ಅತಿ ಕಾದರೆ ಕಂದುತ್ತದೆ, ಸುಡುತ್ತದೆ, ಕರಗುವುದಿಲ್ಲ. ಪಾಲಿಯೆಸ್ಟರ್ ಎಂದರೆ ನೀರಿನ ಬಾಟಲಿಯ ಜಾತಿಯ ಪ್ಲಾಸ್ಟಿಕ್ಕೇ. ಸುಮಾರು 260 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಹತ್ತಿಯ ಗುರುತಿಗೆ ತಿರುಗಿಸಿದ ಇಸ್ತ್ರಿಯ ಬಿಸಿ 200ರ ಆಸುಪಾಸು ಇರುತ್ತದೆ.

"ಅಜ್ಜಿ, ಏನೂ ಹೇಳದೆ ಮಡಿಸಿ ಕೊಟ್ಬಿಡೋಣ" ಅಂದಳು ಪುಟ್ಟಿ, ಕಣ್ಣಲ್ಲಿ ನೀರು ತುಂಬಿಕೊಂಡು. ನಿಜ ಹೇಳಬೇಕೆಂದರೆ ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು.

ಉಳಿದ ಅಂಗಿಗಳನ್ನು ಎದುರುಮನೆಗೆ ಒಯ್ದೆವು. ಆ ಮನೆಯ ಸೊಸೆ ಊಟದ ಮೇಜಿನ ಮೇಲೆ ಹೀಟ್ ಪ್ರೆಸ್ ಇಟ್ಟುಕೊಂಡು ಅಂಗಿಗಳಿಗೆ ಹೆಸರು, ಚಿತ್ರ ಒತ್ತಿಕೊಡುತ್ತಾಳೆ. ಮೇಲೆ ಕಾಯುವ ಚಪ್ಪಟೆ ತಟ್ಟೆ, ಕೆಳಗೆ ಮೆತ್ತೆ. ಹಿಡಿ ಎಳೆದರೆ ಎರಡೂ ಕಚ್ಚಿಕೊಳ್ಳುತ್ತವೆ. "ನೋಡಿ ಅಜ್ಜಿ, ಇಸ್ತ್ರಿಯಲ್ಲಿ ತೂತಿರೋ ಕಡೆ ಬಿಸಿನೂ ಇಲ್ಲ, ಒತ್ತೂ ಇಲ್ಲ. ಎಷ್ಟು ಡಿಗ್ರಿ ಅಂತಾನೂ ತೋರ್ಸಲ್ಲ" ಅಂದಳು. ಮೊದಲು ಬರೀ ಅಂಗಿಯನ್ನು ಐದು ಸೆಕೆಂಡು ಒತ್ತಿ ತೇವ ತೆಗೆದಳು. ಹಾಳೆಯ ಪೊಟ್ಟಣದ ಮೇಲೆ ಪಾಲಿಯೆಸ್ಟರಿಗೆಂದು ಬರೆದಿದ್ದಂತೆ 140 ಡಿಗ್ರಿ, 15 ಸೆಕೆಂಡು. ಒತ್ತುವುದು ಅವಳು, ಗಟ್ಟಿಯಾಗಿ ಎಣಿಸುವುದು ಪುಟ್ಟಿ. ಮಕ್ಕಳೇ, ನಿಮ್ಮ ಮನೆಯಲ್ಲೂ ಹಾಗೇ ಇರಲಿ, ಆ ತಟ್ಟೆ ತಾಗಿದರೆ ಬೊಬ್ಬೆ ಖಂಡಿತ. ಒಂದು ದಿನ ಅಂಗಿಯನ್ನು ನೀರಿಗೆ ಹಾಕಬೇಡಿ, ಆಮೇಲೂ ಒಳಮೈ ಹೊರಗೆ ಮಾಡಿಯೇ ಒಗೆಯಿರಿ ಎಂದೂ ಹೇಳಿ ಕಳಿಸಿದಳು. ಸುಟ್ಟ ಅಂಗಿಗೆ ಮಾತ್ರ ತಲೆಯಾಡಿಸಿದಳು. ಕರಗಿ ನುಣುಪಾದ ಬಟ್ಟೆಯಲ್ಲಿ ಅಂಟಿಗೆ ಹಿಡಿತ ಸಿಗುವುದಿಲ್ಲವಂತೆ.

ಸಂಜೆ ಹೊಸ ಅಂಗಿಯೊಂದನ್ನು ಕೊಂಡು, ಅದಕ್ಕೂ 7 ಒತ್ತಿಸಿ, ಎರಡನ್ನೂ ಹಿಡಿದು ಗೆಳತಿಯ ಮನೆಗೆ ಹೋದೆವು. ಬಾಯಿ ಬಿಟ್ಟವಳು ಪುಟ್ಟಿಯೇ. "ನಾವು ಸುಟ್ಬಿಟ್ವಿ" ಅಂದಳು. ಸುಟ್ಟವಳು ನಾನಾದರೂ "ನಾವು" ಅಂದಳು ನೋಡಿ! ಗೆಳತಿಯ ತಾಯಿ ಆ ಗುರುತನ್ನು ಬೆರಳಿನಿಂದ ಸವರಿ, "ನಾನೂ ಒಂದು ನೈಲಾನ್ ಸೀರೆ ಹೀಗೇ ಕಳ್ಕೊಂಡಿದ್ದೆ" ಎಂದು ನಕ್ಕು, ಕಾಫಿಗೆ ನೀರಿಟ್ಟರು.

ಹೊಸದನ್ನು ಪಂದ್ಯಕ್ಕೆ ಎತ್ತಿಟ್ಟಿರುವ ಆ ಹುಡುಗಿ ಅಭ್ಯಾಸಕ್ಕೆ ಸುಟ್ಟದ್ದನ್ನೇ ಹಾಕಿಕೊಂಡು ಬರುತ್ತಾಳೆ. ಅವಳು ಸಾಲಿನಲ್ಲಿ ಕೂತಾಗ, ಹಿಂದಿನಿಂದ ಓಡಿಬಂದು ಖೋ ಕೊಡುವವರು ಸರಿಯಾಗಿ ನನ್ನ ಇಸ್ತ್ರಿ ಗುರುತಿನ ಮೇಲೆಯೇ ತಟ್ಟುತ್ತಾರೆ.