ಕಡಲಡಿಯ ಪಾಚಿ ಬೇಸಾಯಗಾರ

ಪುಟಾಣಿಗಳೇ, ಈ ವಾರ ಮೊದಲು ಒಂದು ಒಗಟು. ನೇಗಿಲಿಲ್ಲ, ಎತ್ತಿಲ್ಲ, ಆದರೂ ಬೇಸಾಯಗಾರ. ಕೈಯಿಲ್ಲ, ಆದರೂ ಕಳೆ ಕೀಳುತ್ತಾನೆ. ಮಳೆ ಬರಲಿಲ್ಲವಲ್ಲ ಎಂಬ ಚಿಂತೆ ಅವನಿಗೆ ಒಂದು ದಿನವೂ ಇಲ್ಲ. ಯಾರವನು?

ನನ್ನ ಮೊಮ್ಮಗಳಿಗೆ ಇದನ್ನೇ ಕೇಳಿದೆ. ಇರುವೆ, ಎರೆಹುಳು, ಏಡಿ ಎಂದೆಲ್ಲ ಹೇಳಿ ಸೋತಳು. ಉತ್ತರ ಮೀನು ಎಂದಾಗ, "ಮೀನು ಬೇಸಾಯ ಮಾಡುತ್ತಾ ತಾತ? ಸುಳ್ಳು!" ಎಂದು ಜಗಳಕ್ಕೇ ನಿಂತಳು. ಸುಳ್ಳಲ್ಲ, ಕೇಳಿ.

ಬೆಚ್ಚಗಿನ ಸಮುದ್ರಗಳ ಹವಳದ ದಿಬ್ಬಗಳಲ್ಲಿ ಡ್ಯಾಮ್ಸೆಲ್ ಎಂಬ ಮೀನಿನ ವಂಶವಿದೆ. ಇದರಲ್ಲಿ 400ಕ್ಕೂ ಹೆಚ್ಚು ಜಾತಿಗಳು. ನೀಲಿ, ಹಳದಿ, ಕಪ್ಪುಪಟ್ಟೆ, ಹೀಗೆ ಬಣ್ಣ ನೂರಾರು. ಹೆಚ್ಚಿನವು ನಿಮ್ಮ ಅಂಗೈಯುದ್ದ ಇದ್ದರೆ ಹೆಚ್ಚು. ಸಿನಿಮಾದಲ್ಲಿ ನೀವು ನೋಡಿರುವ ಕಿತ್ತಳೆ ಬಣ್ಣದ ನೀಮೋ ಕೂಡ ಇದೇ ವಂಶದವನು.

ಇವುಗಳಲ್ಲಿ ಕೆಲವು ಜಾತಿಗಳು ಪಾಚಿ ಬೆಳೆಯುತ್ತವೆ. ಎಲ್ಲ ಬಗೆಯ ಪಾಚಿಯೂ ಅವುಗಳ ಹೊಟ್ಟೆಗೆ ಒಗ್ಗುವುದಿಲ್ಲ, ನಾರು ಹೆಚ್ಚಿದ್ದರೆ ಅರಗುವುದಿಲ್ಲ. ಅದಕ್ಕೇ ತಮಗೆ ಬೇಕಾದ ಎಳೆ ಪಾಚಿಯನ್ನು ಮಾತ್ರ ಉಳಿಸಿಕೊಂಡು, ಬೇರೆ ಪಾಚಿ ಮೊಳೆತರೆ ಬಾಯಿಂದ ಕಿತ್ತು ಹೊಲದಾಚೆ ಉಗುಳುತ್ತವೆ. ಜಪಾನಿನ ಓಕಿನಾವಾ ದ್ವೀಪದ ಹತ್ತಿರ ಇಂಥ ಹೊಲಗಳನ್ನು ವಿಜ್ಞಾನಿಗಳು ವರ್ಷಗಟ್ಟಲೆ ಗಮನಿಸಿದರು. ಅಲ್ಲಿನ ಮೀನು ಬೆಳೆಯುವ ಒಂದು ಬಗೆಯ ಕೆಂಪು ಪಾಚಿ ಆ ಹೊಲದೊಳಗೆ ಮಾತ್ರ ಸಿಕ್ಕಿತು, ಹೊರಗೆ ಸಿಗಲಿಲ್ಲ! ರೈತನಿಲ್ಲದೆ ಬೆಳೆಯಿಲ್ಲ, ಬೆಳೆಯಿಲ್ಲದೆ ರೈತನಿಲ್ಲ.

ಬೇಲಿ ಇಲ್ಲದ ಹೊಲವಾದ್ದರಿಂದ ಕಾವಲೂ ತನ್ನದೇ. ಮೈತುಂಬ ಮುಳ್ಳಿರುವ ಸೀ ಅರ್ಚಿನ್ ಪಾಚಿ ಮೇಯಲು ಬಂದರೆ, ಅದರ ಒಂದು ಮುಳ್ಳನ್ನು ಬಾಯಲ್ಲಿ ಕಚ್ಚಿ ಎತ್ತಿಕೊಂಡು ಹೋಗಿ ದೂರ ಹಾಕಿ ಬರುತ್ತದೆ. ತನಗಿಂತ ಎಷ್ಟೋ ಪಾಲು ದೊಡ್ಡ ಮೀನನ್ನೂ ಅಟ್ಟುತ್ತದೆ. ಮುಳುಗುಗಾರ ಹತ್ತಿರ ಬಂದರೆ ಅವನಿಗೂ ಕಡಿತ ತಪ್ಪಿದ್ದಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ; ಇದಕ್ಕೆ ಕೈ ಬಾಯಿ ಎರಡೂ ಒಂದೇ.

ಮೊಟ್ಟೆಗಳನ್ನು ಕಾಯುವವನು ಅಪ್ಪ. ಕಲ್ಲನ್ನು ಶುಚಿಮಾಡಿ ಇಡುತ್ತಾನೆ, ಅಮ್ಮ ಬಂದು ಮೊಟ್ಟೆಯಿಟ್ಟು ಹೋಗುತ್ತಾಳೆ. ಮರಿಯಾಗುವವರೆಗೆ ಅಪ್ಪ ರೆಕ್ಕೆಯಿಂದ ಗಾಳಿ ಬೀಸಿದಂತೆ ನೀರು ಬೀಸುತ್ತಾನೆ. ಕೆಟ್ಟ ಮೊಟ್ಟೆ ಕಂಡರೆ ತೆಗೆದುಬಿಡುತ್ತಾನೆ.

ಇನ್ನೊಂದು ಸೋಜಿಗವಿದೆ. ಮಧ್ಯ ಅಮೆರಿಕದ ಬೆಲೀಜ್ ದೇಶದ ಕಡಲಲ್ಲಿ ಉದ್ದ ರೆಕ್ಕೆಯ ಡ್ಯಾಮ್ಸೆಲ್ ಮೀನಿನ ಹೊಲದ ಮೇಲೆ, ಸೀಗಡಿಯನ್ನು ಹೋಲುವ ಮೈಸಿಡ್ ಎಂಬ ಪುಟ್ಟ ಜೀವಿಗಳು ಗುಂಪುಗುಂಪಾಗಿ ತೇಲುತ್ತಿರುತ್ತವೆ. ವಿಜ್ಞಾನಿಗಳು ಅವನ್ನು ಪಾರದರ್ಶಕ ಚೀಲದಲ್ಲಿ ಹಾಕಿ ಹೊಲದ ಹೊರಗಿಟ್ಟಾಗ ಬೇರೆ ಮೀನುಗಳು ತಿನ್ನಲು ಮುಗಿಬಿದ್ದವು. ಹೊಲದೊಳಗೆ ಇಟ್ಟಾಗ ಡ್ಯಾಮ್ಸೆಲ್ ಬಂದು ಆ ಮೀನುಗಳನ್ನು ಓಡಿಸಿತು. ಮೈಸಿಡ್‌ಗಳ ಹಿಕ್ಕೆಯೇ ಪಾಚಿಗೆ ಗೊಬ್ಬರ. ಅವು ಇರುವ ಹೊಲದ ಪಾಚಿ ಚೆನ್ನಾಗಿತ್ತು, ಅಲ್ಲಿನ ರೈತನೂ ಪುಷ್ಟಿಯಾಗಿದ್ದ. ನಮ್ಮ ಹಳ್ಳಿಯ ಮನೆಗಳಲ್ಲಿ ಹಸು ಕಟ್ಟಿಕೊಂಡ ಹಾಗೆಯೇ ಇದು. 2020ರಲ್ಲಿ ಈ ಸಂಗತಿ ಪ್ರಕಟವಾಯಿತು.

ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಕೂದಲು ಹಣ್ಣಾದವನು. ಜಮೆ ನೋಡಿದ ಮೇಲೆ ಖರ್ಚಿನ ಕಡೆಯೂ ಕಣ್ಣು ಹಾಯುತ್ತದೆ. ಈ ರೈತನ ಖರ್ಚನ್ನು ಕೊಟ್ಟವರು ಯಾರು? ಹವಳ. ಹವಳವೂ ಒಂದು ಜೀವಿ. ಹೊಲಕ್ಕೆ ಜಾಗ ಬೇಕೆಂದು ಕೆಲವು ಡ್ಯಾಮ್ಸೆಲ್‌ಗಳು ಜೀವಂತ ಹವಳವನ್ನು ಕಚ್ಚಿ ಸಾಯಿಸಿ, ಅದರ ಮೇಲೆ ಪಾಚಿ ಬೆಳೆಸುತ್ತವೆ. ಕಾಡು ಕಡಿದು ಹೊಲ ಮಾಡಿದಂತೆ. "ಹಾಗಾದರೆ ಅದು ಕೆಟ್ಟ ಮೀನಾ ತಾತ?" ಎಂದು ಮೊಮ್ಮಗಳು ಕೇಳಿದಳು. ಕೆಟ್ಟದ್ದಲ್ಲ ಮಗು. ಅದು ತನ್ನ ಹೊಟ್ಟೆಗೆ ಬೇಕಾದ ಅಂಗೈಯಗಲ ಜಾಗವನ್ನು ಮಾತ್ರ ಕೇಳುತ್ತದೆ. ನಮ್ಮಿಂದ ಕಡಲು ಬಿಸಿಯಾಗಿ, 2016ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ನೂರಾರು ಕಿಲೋಮೀಟರ್ ಉದ್ದಕ್ಕೂ ಹವಳ ಬೆಳ್ಳಗಾಯಿತು. ಆ ಖರ್ಚು ಯಾವ ಮೀನಿನ ಖಾತೆಯದ್ದೂ ಅಲ್ಲ.

ಅದೇ ರೀಫ್‌ನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಮೋಟಾರು ದೋಣಿಯ ಸದ್ದು ಹತ್ತಿರವಿದ್ದಾಗ ಮರಿ ಡ್ಯಾಮ್ಸೆಲ್‌ಗಳು ಗಾಬರಿಯಾಗಿ, ಬೇಟೆಗಾರ ಮೀನು ಬಂದರೂ ತಪ್ಪಿಸಿಕೊಳ್ಳಲು ತಡಮಾಡಿದವು. ಸದ್ದಿಲ್ಲದ ಹೊತ್ತಿಗಿಂತ ಎರಡು ಪಟ್ಟಿಗೂ ಹೆಚ್ಚು ಮರಿಗಳು ಬಲಿಯಾದವು. ದೋಣಿಯಲ್ಲಿ ಕುಳಿತವರು ಯಾರೂ ಕೇಡು ಬಗೆದವರಲ್ಲ, ನೀರಿನ ಕೆಳಗೆ ಏನಾಗುತ್ತಿದೆ ಎಂಬುದು ಅವರಿಗೆ ಕಾಣಲಿಲ್ಲ, ಅಷ್ಟೆ.

ನಮ್ಮ ಮುರ್ಡೇಶ್ವರದ ಎದುರಿಗೆ ನೇತ್ರಾಣಿ ದ್ವೀಪವಿದೆ. ಅಲ್ಲಿ ಹವಳಗಳಿವೆ, ಡ್ಯಾಮ್ಸೆಲ್ ವಂಶದ ಮೀನುಗಳೂ ಇವೆ. ರಜೆಯಲ್ಲಿ ಎಷ್ಟೋ ಜನ ದೋಣಿಯಲ್ಲಿ ಹೋಗಿ ಮುಳುಗಿ ನೋಡಿ ಬರುತ್ತಾರೆ. ನೀವೂ ಎಂದಾದರೂ ಹೋಗುತ್ತೀರಿ. ಹೋದಾಗ ಹವಳ ಮುಟ್ಟಬೇಡಿ, ಅದರ ಮೇಲೆ ನಿಲ್ಲಬೇಡಿ. ದೋಣಿ ನಿಂತ ಮೇಲೆ ಇಂಜಿನ್ ಆರಿಸೋಣವೇ ಎಂದು ದೋಣಿಯ ಅಣ್ಣನನ್ನು ಮೆಲ್ಲಗೆ ಕೇಳಿ. ಊರ ಹೊಲದ ಬದುವಿನ ಮೇಲೆ ನಡೆಯುವಾಗ ಪೈರು ತುಳಿಯಬಾರದೆಂದು ನಿಮ್ಮ ಅಜ್ಜ ಹೇಳಿಕೊಟ್ಟಿರುತ್ತಾರಲ್ಲ? ಕಡಲೊಳಗಿನ ಹೊಲಕ್ಕೂ ಅದೇ ಮಾತು.